ಎರಡನೇ ಸಲ ಕ್ಲಿಪ್: ಹಲ್ಲು ಮರಳಿ ಸೊಟ್ಟಗಾದರೆ ಮೊದಲ ಚಿಕಿತ್ಸೆ ದಂಡವೇ?

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಜವಳಗಿರಿ, ತಳಿ, ಡೆಂಕಣಿಕೋಟೆ ಕಡೆ ಹಲ್ಲಿಗೆ ಕ್ಲಿಪ್ ಹಾಕಿಸುವುದೆಂದರೆ ಹೈಸ್ಕೂಲು ಮಕ್ಕಳ ಮಾತು. ಹೆಣ್ಣುಮಕ್ಕಳಾದರೆ ಮದುವೆಗೆ ಮುಂಚೆ ಮುಗಿಸಿಬಿಡಬೇಕೆಂಬ ಅವಸರ ಬೇರೆ. ನಲವತ್ತು ದಾಟಿದವರ ಬಾಯಲ್ಲಿ ತಂತಿ ಕಂಡರೆ ಜನ ಇನ್ನೊಮ್ಮೆ ತಿರುಗಿ ನೋಡುತ್ತಾರೆ. ಅದು ಎರಡನೇ ಸಲ ಹಾಕಿಸಿದ್ದು ಎಂದು ಗೊತ್ತಾದರಂತೂ ಮುಂದಿನ ಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ. ನಾನು ಎರಡನೇ ಸಲ ಹಾಕಿಸಿಕೊಂಡಾಗ ನನ್ನ ಓರಗಿತ್ತಿ ಕೇಳಿದ್ದೂ ಅದನ್ನೇ: "ಹಂಗಾದ್ರೆ ಅವತ್ತು ಹಾಕ್ಸಿದ್ದೆಲ್ಲ ದಂಡವಾಯ್ತಾ ಅಕ್ಕಾ?"

ದಂಡವಾಗಲಿಲ್ಲ. ಆದರೆ ಯಾಕೆ ಆಗಲಿಲ್ಲ ಎಂದು ತಿಳಿಯಬೇಕಾದರೆ, ಹಲ್ಲು ದವಡೆಯಲ್ಲಿ ಹೇಗೆ ನಿಂತಿದೆ ಎಂಬುದನ್ನು ಮೊದಲು ತಿಳಿಯಬೇಕು.

ಹಲ್ಲು ವಾಪಸ್ ಹೋಗುವುದೇಕೆ?

ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡರ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರವಿದೆ. ತಂತಿಯ ಒತ್ತಡ ದಿನಗಟ್ಟಲೆ ಬಿದ್ದಾಗ ಒಂದು ಬದಿಯ ಮೂಳೆ ಕರಗಿ ಹಲ್ಲಿಗೆ ದಾರಿ ಬಿಡುತ್ತದೆ. ಎಳೆತ ಬಿದ್ದ ಇನ್ನೊಂದು ಬದಿಯಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ಬಲ ಜಾಸ್ತಿ ಹಾಕಿದ ಮಾತ್ರಕ್ಕೆ ಬೇಗ ಸರಿಯುವುದಿಲ್ಲ, ಬೇರಿಗೆ ಪೆಟ್ಟಾಗುತ್ತದೆ ಅಷ್ಟೆ.

ಕ್ಲಿಪ್ ಬಿಚ್ಚಿದ ದಿನ ಹಲ್ಲು ಹೊಸ ಜಾಗದಲ್ಲಿ ಕೂತಿರುತ್ತದೆ. ವಸಡಿನ ನಾರುಗಳು ಮಾತ್ರ ಇನ್ನೂ ಹಳೆಯ ಜಾಗದ ಕಡೆಗೇ ಎಳೆಯುತ್ತಿರುತ್ತವೆ. ಬೇರಿನ ಸುತ್ತಲಿನ ನಾರು ಮೂರು ನಾಲ್ಕು ತಿಂಗಳಲ್ಲಿ ಹೊಂದಿಕೊಂಡರೆ, ವಸಡಿನ ಮೇಲ್ಭಾಗದ ಹಿಗ್ಗುವ ನಾರಿಗೆ ಒಂದು ವರ್ಷವಾದರೂ ಬೇಕು. ಮೊದಲು ತಿರುಚಿಕೊಂಡಿದ್ದ ಹಲ್ಲು ಎಲ್ಲಕ್ಕಿಂತ ಮುಂಚೆ ತಿರುಗಿಕೊಳ್ಳುವುದು ಇದೇ ಕಾರಣಕ್ಕೆ.

ಇದರ ಜೊತೆಗೆ ವಯಸ್ಸೂ ತನ್ನ ಕೆಲಸ ಮಾಡುತ್ತದೆ. ಕ್ಲಿಪ್ಪನ್ನೇ ಕಾಣದವರಲ್ಲೂ ಕೆಳದವಡೆಯ ಹಲ್ಲಿನ ಸಾಲು ವರ್ಷ ಕಳೆದಂತೆ ಕಿರಿದಾಗಿ, ಮುಂದಿನ ಬಾಚಿಹಲ್ಲುಗಳು ಒಂದರ ಮೇಲೊಂದು ಏರುತ್ತವೆ. ಬುದ್ಧಿಹಲ್ಲು ಹಿಂದಿನಿಂದ ತಳ್ಳುವುದರಿಂದ ಹೀಗಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅಧ್ಯಯನಗಳು ಅದನ್ನು ಗಟ್ಟಿಯಾಗಿ ಬೆಂಬಲಿಸಿಲ್ಲ. ಈ ಒಂದೇ ಭಯಕ್ಕೆ ಬುದ್ಧಿಹಲ್ಲು ಕೀಳಿಸಿಕೊಳ್ಳಬೇಕಾಗಿಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ದಂತವೈದ್ಯರ ಕಣ್ಣು ತೆರೆಸಿತು. ನಾಲ್ಕು ಹಲ್ಲು ಕಿತ್ತು ಕ್ಲಿಪ್ ಹಾಕಿಸಿಕೊಂಡಿದ್ದ 65 ಜನರನ್ನು, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೈನರ್ ನಿಲ್ಲಿಸಿ ಹತ್ತು ವರ್ಷವಾದ ಮೇಲೆ ಅವರು ಪರೀಕ್ಷಿಸಿದರು. ಕೆಳಗಿನ ಮುಂಹಲ್ಲುಗಳು ತೃಪ್ತಿಕರವಾಗಿ ಉಳಿದಿದ್ದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಜನರಲ್ಲಿ. ಅಷ್ಟೇ ಅಲ್ಲ, ಯಾರ ಹಲ್ಲು ಉಳಿಯುತ್ತದೆ, ಯಾರದು ಸರಿಯುತ್ತದೆ ಎಂದು ಮುಂಚಿತವಾಗಿ ಹೇಳಲೂ ಆಗಲಿಲ್ಲ.

ತೊಂಬತ್ತರ ದಶಕದಲ್ಲಿ ನನಗೆ ಮೊದಲ ಕ್ಲಿಪ್ ಬಿಚ್ಚಿದಾಗ, ಎರಡು ವರ್ಷ ರಿಟೈನರ್ ಹಾಕಿಕೊಂಡರೆ ಸಾಕು ಎಂದಿದ್ದರು. ಆಗ ನಮ್ಮಂಥವರಿಗೆಲ್ಲ ಸಿಗುತ್ತಿದ್ದ ಸಲಹೆ ಅದೇ. ಈಗ ವೈದ್ಯರು ಹೇಳುವುದು ಬೇರೆ: ಹಲ್ಲು ನೆಟ್ಟಗೆ ಇರಬೇಕು ಅನ್ನುವಷ್ಟು ಕಾಲವೂ ರಾತ್ರಿ ಹೊತ್ತು ರಿಟೈನರ್ ಬೇಕು.

ನಡುವಯಸ್ಸಿನ ಬಾಯಿ ಬೇರೆ

ಹದಿಮೂರರ ಹುಡುಗಿಯ ದವಡೆ ಇನ್ನೂ ಬೆಳೆಯುತ್ತಿರುತ್ತದೆ. ವೈದ್ಯರು ಆ ಬೆಳವಣಿಗೆಯನ್ನೇ ಬಳಸಿಕೊಂಡು ಅಂಗುಳವನ್ನು ಅಗಲಿಸಬಹುದು. ನಲವತ್ತೈದರಲ್ಲಿ ಅಂಗುಳದ ನಡುಗೆರೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಇರುವ ಮೂಳೆಯೊಳಗೇ ಹಲ್ಲನ್ನು ಸರಿಸಬೇಕು.

ಎರಡನೇ ಸಲದವರ ಲೆಕ್ಕ ಇನ್ನೂ ಬಿಗಿ. ಮೊದಲ ಸಲವೇ ಕೋರೆಹಲ್ಲಿನ ಹಿಂದಿನ ನಾಲ್ಕು ಹಲ್ಲು ಕೀಳಿಸಿದ್ದರೆ, ಜಾಗ ಮಾಡಲು ಮತ್ತೆ ಕೀಳುವುದು ಸುಲಭದ ಮಾತಲ್ಲ. ಹಲ್ಲು ಹಲ್ಲಿನ ನಡುವೆ ಅರ್ಧ ಮಿಲಿಮೀಟರ್ ಒಳಗೆ ನವಿರಾಗಿ ಉಜ್ಜಿ ಜಾಗ ಮಾಡುತ್ತಾರೆ, ಇಲ್ಲವೇ ದವಡೆ ಮೂಳೆಗೆ ಚಿಕ್ಕ ಸ್ಕ್ರೂ ಹಾಕಿ ಅದರ ಆಸರೆಯಲ್ಲಿ ಇಡೀ ಸಾಲನ್ನು ಹಿಂದಕ್ಕೆ ಎಳೆಯುತ್ತಾರೆ. ಹಲ್ಲು ಸರಿಸುವಾಗ ಬೇರಿನ ತುದಿ ಸ್ವಲ್ಪ ಸವೆಯುವುದುಂಟು; ಮೊದಲ ಚಿಕಿತ್ಸೆಯಲ್ಲಿ ಎಷ್ಟು ಸವೆದಿದೆ ಎಂದು ಎಕ್ಸ್‌ರೇಯಲ್ಲಿ ಕಾಣದೆ ಎರಡನೆಯದಕ್ಕೆ ಕೈ ಹಾಕಬಾರದು. ಎಕ್ಸ್‌ರೇ ಇಲ್ಲದೆ, ವೈದ್ಯರ ಮುಖವನ್ನೇ ನೋಡದೆ ತಂತಿಯ ಬದಲು ಹಾಕುವ ಪಾರದರ್ಶಕ ಅಚ್ಚನ್ನು (ಅಲೈನರ್) ಅಂಚೆಯಲ್ಲಿ ತರಿಸಿಕೊಳ್ಳುವ ವ್ಯವಹಾರ ಅಪಾಯದ್ದು. ಅಮೆರಿಕದಲ್ಲಿ ಇಂಥ ಸೇವೆಗೆ ಹೆಸರಾಗಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ, ಅರ್ಧ ದಾರಿಯಲ್ಲಿದ್ದವರು ಕೇಳುವವರಿಲ್ಲದೆ ಉಳಿದರು.

ವಸಡಂತೂ ಮೊದಲ ಷರತ್ತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿಗೆ ವಸಡು ಸಡಿಲವಾಗಿ, ಒಳಗಿನ ಮೂಳೆ ಕರಗಿರುವುದುಂಟು. ಕೀವು, ರಕ್ತ ನಿಲ್ಲುವ ಮೊದಲೇ ತಂತಿ ಹಾಕಿದರೆ ಸೊಟ್ಟ ಹಲ್ಲು ಸರಿಹೋಗುವ ಬದಲು ಬಿದ್ದೇ ಹೋದೀತು.

ನಮ್ಮ ಭಾಗಕ್ಕೆ ಇನ್ನೊಂದು ಮಾತಿದೆ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಭಾರತದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5. ಅದು ಮೀರಿದ ಊರುಗಳಿಗೆಂದೇ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ತಡೆ ಯೋಜನೆ ಬಂತು. 2008ರಲ್ಲಿ ಅಡಿಗಲ್ಲು, 2013ರಲ್ಲಿ ಉದ್ಘಾಟನೆ. ಆದರೆ ಹಲ್ಲಿನ ಎನಾಮೆಲ್ ರೂಪುಗೊಳ್ಳುವುದು ಬಾಲ್ಯದಲ್ಲಿ. ಆಗ ಕುಡಿದ ನೀರಿನ ಬಿಳಿ, ಕಂದು ಮಚ್ಚೆ ಈಗ ಒಳ್ಳೆಯ ನೀರು ಕುಡಿದರೆ ಹೋಗುವುದಿಲ್ಲ.

ಕ್ಲಿಪ್ಪಿಗೂ ಇದಕ್ಕೂ ಸಂಬಂಧವಿದೆ. ತಂತಿ ಹಿಡಿದುಕೊಳ್ಳುವ ಬ್ರಾಕೆಟ್ ಅಂಟಿಸುವ ಮೊದಲು ಹಲ್ಲಿಗೆ ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ ಎನಾಮೆಲ್ಲನ್ನು ಒರಟು ಮಾಡುತ್ತಾರೆ. 1955ರಲ್ಲಿ ಮೈಕೆಲ್ ಬುವನಕೋರ್ ತೋರಿಸಿಕೊಟ್ಟ ವಿಧಾನದಿಂದ ಬೆಳೆದದ್ದಿದು. ಫ್ಲೋರೈಡ್ ತುಂಬಿದ ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಮಚ್ಚೆ ಗಾಢವಾಗಿದ್ದರೆ ಬ್ರಾಕೆಟ್ ಮತ್ತೆ ಮತ್ತೆ ಕಿತ್ತು ಬರುತ್ತದೆ. ಹೆಚ್ಚು ಹೊತ್ತು ಆಮ್ಲ ಹಚ್ಚಬೇಕು, ಕೆಲವೊಮ್ಮೆ ಮೇಲ್ಪದರವನ್ನು ನವಿರಾಗಿ ಉಜ್ಜಬೇಕು. ಹುಟ್ಟಿ ಬೆಳೆದ ಊರು ಯಾವುದು, ಚಿಕ್ಕಂದಿನಲ್ಲಿ ಯಾವ ನೀರು ಕುಡಿದಿರಿ ಎಂದು ವೈದ್ಯರು ಕೇಳದಿದ್ದರೂ ನಾವೇ ಹೇಳುವುದು ಒಳ್ಳೆಯದು.

ತಂತಿ, ಮುದ್ದೆ, ಆನೆ

ಶುರುವಿನಲ್ಲಿ ಹಾಕುವ ನಿಕಲ್ ಟೈಟಾನಿಯಂ ತಂತಿ ಕೂದಲಿನಷ್ಟು ಸಣ್ಣದಾಗಿ ಕಾಣುತ್ತದೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಲೋಹವನ್ನು 1970ರ ದಶಕದಲ್ಲಿ ಅಯೋವಾದ ಜಾರ್ಜ್ ಆಂಡ್ರೀಸನ್ ಹಲ್ಲಿನ ಚಿಕಿತ್ಸೆಗೆ ತಂದರು. ಹೇಗೆ ಬಗ್ಗಿಸಿದರೂ ತನ್ನ ಮೊದಲಿನ ಕಮಾನಿಗೆ ಮರಳುವುದು ಅದರ ಗುಣ. ಈಗಿನ ಕೆಲವು ತಂತಿಗಳು ತಣ್ಣಗಿದ್ದಾಗ ಮೆತ್ತಗಿದ್ದು, ಬಾಯಿಯ ಬಿಸಿಗೆ ಬಿಗಿಯಾಗುತ್ತವೆ. ಮೊದಲ ರಾತ್ರಿ ನೋವು ಎದ್ದಾಗ ಬಾಯಲ್ಲಿ ತಣ್ಣೀರು ಹಿಡಿದುಕೊಂಡರೆ ತಂತಿ ಸ್ವಲ್ಪ ಹೊತ್ತು ಸಡಿಲಿ ಹಾಯೆನಿಸುತ್ತದೆ. ಜವಳಗಿರಿಯ ಚಳಿಯಲ್ಲಿ ಅದಕ್ಕೆ ಫ್ರಿಜ್ಜೂ ಬೇಕಿಲ್ಲ, ಹಂಡೆಯ ನೀರೇ ಸಾಕು.

ಊಟದ ಮಟ್ಟಿಗೆ ನಮ್ಮವರು ಪುಣ್ಯವಂತರು. ಹಲ್ಲು ಜುಂ ಎನ್ನುವ ಮೊದಲ ವಾರ ಅಗಿಯುವ ಊಟ ಬೇಡವೇ ಬೇಡ; ಮುದ್ದೆಯನ್ನು ನಾವು ಅಗಿಯುವುದೇ ಇಲ್ಲ, ಮುರಿದು ಸಾರಿಗೆ ಅದ್ದಿ ನುಂಗುತ್ತೇವೆ. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಮುದ್ದೆಗೆ ಚೆನ್ನಾಗಿ ಬೆಂದ ಹಿತಕಿದ ಬೇಳೆ ಸಾರು. ನಿಪ್ಪಟ್ಟು, ಚಕ್ಕುಲಿ, ಕಬ್ಬು, ಸೀಬೆಕಾಯಿ, ಹುರಿದ ಕಡಲೆಕಾಯಿ ಮಾತ್ರ ದೂರ ಇರಬೇಕು. ರಾಗಿ ಮೆತ್ತಗಿದ್ದರೂ ಬ್ರಾಕೆಟ್ಟಿನ ಸಂದಿಯಲ್ಲಿ ಕೂರುತ್ತದೆ, ಊಟವಾದ ಕೂಡಲೇ ಚಿಕ್ಕ ಬ್ರಷ್ಷಿನಿಂದ ತೆಗೆಯಲೇಬೇಕು.

ಕಷ್ಟವಿರುವುದು ಓಡಾಟದಲ್ಲಿ. ಒಂದೂವರೆ ಎರಡು ವರ್ಷ, ನಾಲ್ಕಾರು ವಾರಕ್ಕೊಮ್ಮೆ ತಪ್ಪದೆ ಹೊಸೂರಿಗೋ ಬೆಂಗಳೂರಿಗೋ ಹೋಗಬೇಕು. ಚಳಿಗಾಲ ಬಂತೆಂದರೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ಜವಳಗಿರಿ ಕಾಡಿಗೆ ಇಳಿಯುತ್ತವೆ, ರಾಗಿ ಹೊಲಗಳತ್ತ ನುಗ್ಗುತ್ತವೆ. ಕತ್ತಲಾದ ಮೇಲೆ ಕಾಡಂಚಿನ ರಸ್ತೆಗೆ ಇಳಿಯಲು ಯಾರಿಗೂ ಧೈರ್ಯ ಸಾಲದು. ಸಂಜೆಯ ಅಪಾಯಿಂಟ್‌ಮೆಂಟ್ ಬೇಡ, ಬೆಳಗಿನ ಹೊತ್ತೇ ಕೊಡಿ ಎಂದು ಮೊದಲೇ ಕೇಳಿಕೊಳ್ಳುವುದು ಜಾಣತನ.

ಖರ್ಚು ತಗ್ಗಿಸಬೇಕಾದವರಿಗೆ ದಂತವೈದ್ಯ ಕಾಲೇಜುಗಳಿವೆ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿಯ ಸರ್ಕಾರಿ ದಂತ ಕಾಲೇಜು 1958ರಿಂದ ನಡೆಯುತ್ತಿದೆ. ಕಾಲೇಜುಗಳಲ್ಲಿ ಚಿಕಿತ್ಸೆ ಮಾಡುವವರು ಮೂರು ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗಳು, ಮೇಲ್ವಿಚಾರಣೆ ಅಧ್ಯಾಪಕರದು. ವಿದ್ಯಾರ್ಥಿಯ ಕೋರ್ಸ್ ಮುಗಿಯುವಾಗ ನಮ್ಮ ಚಿಕಿತ್ಸೆ ಮುಗಿಯದಿದ್ದರೆ ಮುಂದೆ ಯಾರು ನೋಡುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಬಿಚ್ಚಿದ ಮೇಲೆ

ಇಷ್ಟೆಲ್ಲ ಮಾಡಿ ಮತ್ತೆ ಸೊಟ್ಟಗಾದರೆ? ಈ ಪ್ರಶ್ನೆಗೆ ಉತ್ತರ ರಿಟೈನರ್. ಕೆಳಗಿನ ಮುಂಹಲ್ಲುಗಳ ಒಳಬದಿಗೆ ಸಣ್ಣ ತಂತಿ ಅಂಟಿಸಬಹುದು, ರಾತ್ರಿ ಹಾಕಿಕೊಳ್ಳುವ ಪಾರದರ್ಶಕ ಅಚ್ಚು ಮಾಡಿಸಬಹುದು. ಅಂಟಿಸಿದ ತಂತಿ ಬಿಟ್ಟುಕೊಳ್ಳುತ್ತದೆ, ಅಚ್ಚು ಸವೆಯುತ್ತದೆ, ಬದಲಾಯಿಸಬೇಕಾಗುತ್ತದೆ. ಅದರ ಖರ್ಚನ್ನೂ ಕ್ಲಿಪ್ಪಿನ ಖರ್ಚಿಗೆ ಸೇರಿಸಿಯೇ ಮೊದಲ ದಿನ ಲೆಕ್ಕ ಹಾಕಬೇಕು. ಚಿಕಿತ್ಸೆಯ ಅರ್ಧ ತಂತಿಯದು, ಇನ್ನರ್ಧ ರಿಟೈನರಿನದು.

ಓರಗಿತ್ತಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಮೊದಲ ಕ್ಲಿಪ್ ಉಬ್ಬುಹಲ್ಲನ್ನು ಒಳಕ್ಕೆ ತಂದಿತು, ಕಚ್ಚುವ ರೀತಿಯನ್ನು ಸರಿಮಾಡಿತು, ಅದು ಇವತ್ತಿಗೂ ಹಾಗೇ ಇದೆ. ಈಗ ಸರಿಪಡಿಸುತ್ತಿರುವುದು ಆಮೇಲೆ ಸರಿದ ಮುಂಹಲ್ಲುಗಳನ್ನು ಮಾತ್ರ. ಅವಳ ಮಗಳಿಗೆ ಈ ವರ್ಷ ಕ್ಲಿಪ್ ಹಾಕಿಸುತ್ತಿದ್ದಾರೆ. ಚಿಕಿತ್ಸೆಗೆ ಮುಂಚಿನ ಎಕ್ಸ್‌ರೇ, ಫೋಟೊ, ಹಲ್ಲಿನ ಅಚ್ಚು, ಯಾವ ಹಲ್ಲು ಯಾಕೆ ಕಿತ್ತರು ಎಂಬ ಚೀಟಿ, ಎಲ್ಲದರ ಒಂದೊಂದು ಪ್ರತಿ ಕೇಳಿ ಪಡೆದು, ರೇಷನ್ ಕಾರ್ಡು, ಪಟ್ಟಾ ಇಡುವ ಜಾಗದಲ್ಲೇ ಇಡು ಎಂದು ಹೇಳಿದ್ದೇನೆ. ಇನ್ನು ಇಪ್ಪತ್ತು ವರ್ಷವಾದ ಮೇಲೆ ಆ ಹುಡುಗಿ ಮತ್ತೊಮ್ಮೆ ದಂತವೈದ್ಯರ ಮುಂದೆ ಕೂರಬೇಕಾಗಿ ಬಂದರೆ, ಅವರು ಮೊದಲು ಕೇಳುವುದು ಆ ಕಾಗದಗಳನ್ನೇ.