ಫ್ರಾನ್ಸಿನ ಬಾಣಲೆಯಲ್ಲಿ ಮೆಂತ್ಯದ ಘಮ

ಮೆಂತ್ಯ! ಆಣೆ ಮಾಡಿ ಹೇಳುತ್ತೇನೆ, ಮೆಂತ್ಯದ್ದೇ ವಾಸನೆ! ಫ್ರಾನ್ಸಿನ ಪೂರ್ವದಂಚಿನ ಜೂರಾ ಸೀಮೆ, ಆರ್ಬ್ವಾ ಎಂಬ ಪುಟ್ಟ ಊರು. ಒಲೆಯ ಮೇಲಿರುವುದು ಕಾಡಿನ ಅಣಬೆ. ಮೂಗಿಗೆ ಬಡಿದದ್ದು ಮಾತ್ರ ಅಜ್ಜಿ ಸಾರಿನ ಪುಡಿಗೆ ಹುರಿಯುತ್ತಿದ್ದಾಗ ಪಡಸಾಲೆಯವರೆಗೂ ಬರುತ್ತಿದ್ದ ಅದೇ ಘಮ. ಆ ಅಡುಗೆಮನೆಯಲ್ಲಿ ಹುಡುಕಿದರೂ ಒಂದು ಮೆಂತ್ಯದ ಕಾಳಿಲ್ಲ. ಹೊಟ್ಟೆ ಕೆಟ್ಟರೆ ಮಜ್ಜಿಗೆಗೆ ಹಾಕಿ ಕುಡಿ ಎಂದು ಅಮ್ಮ ಕಟ್ಟಿಕೊಟ್ಟ ಪೊಟ್ಟಣ ಮೇಲಿನ ಕೋಣೆಯಲ್ಲಿ ಗಂಟು ಬಿಚ್ಚದೆ ಬಿದ್ದಿದೆ. ಹಾಗಾದರೆ ಇದೆಲ್ಲಿಂದ ಬಂತು?

ಅಣಬೆಯಿಂದಲ್ಲ. ಅದರ ಹೆಸರು ಮೊರೀಯ್. ಕಾಶ್ಮೀರದ ಗುಚ್ಚಿಯದೇ ವಂಶ. ನಮ್ಮ ನಾಯಿಕೊಡೆಯಂತೆ ಕೊಡೆ ಬಿಚ್ಚುವ ಜಾತಿಯಲ್ಲ. ಮೈತುಂಬ ಗೂಡು, ಜೇನುಹುಟ್ಟನ್ನು ಹೆಬ್ಬೆರಳ ಗಾತ್ರಕ್ಕೆ ಹಿಂಡಿ ಕಡ್ಡಿಗೆ ಸಿಕ್ಕಿಸಿದ ಹಾಗೆ. ಉದ್ದಕ್ಕೆ ಸೀಳಿದರೆ ಬುಡದಿಂದ ತುದಿವರೆಗೆ ಟೊಳ್ಳು! ಏಪ್ರಿಲ್, ಮೇ ಹೊತ್ತಿಗೆ ಏಳುತ್ತದೆ. ಎಲ್ಲಿ ಕಿತ್ತಿರಿ ಎಂದು ಮಾತ್ರ ಕೇಳಬೇಡಿ, ಮಲೆನಾಡಿನವರು ಬಾಯಿ ಬಿಟ್ಟಷ್ಟೇ ಇವರೂ ಬಿಡುವುದು. ಹಸಿಯದು ವಿಷ, ಅರೆಬೆಂದದ್ದೂ ಅಪಾಯ. ಫ್ರಾನ್ಸಿನಲ್ಲಿ ಬುಟ್ಟಿಯನ್ನು ಔಷಧಿ ಅಂಗಡಿಗೆ ಒಯ್ದು ತೋರಿಸುವ ರೂಢಿಯುಂಟು. ಅಲ್ಲಿ ಫಾರ್ಮಸಿ ಓದುವವರಿಗೆ ಅಣಬೆ ಗುರುತಿಸುವುದೂ ಒಂದು ಪಾಠ!

ಅಂದಿನದು ಒಣಗಿಸಿಟ್ಟ ಮೊರೀಯ್. ಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡಿ, ಕಂದಾದ ಆ ನೀರನ್ನು ಮನೆಯಾಕೆ ಬಟ್ಟೆಯಲ್ಲಿ ಸೋಸಿಟ್ಟರು. ಬಟ್ಟೆಯ ಮೇಲೆ ಚಿಟಿಕೆಯಷ್ಟು ಕಾಡಿನ ಮರಳು ಉಳಿಯಿತು. ಬಾಣಲೆಗೆ ಬೆಣ್ಣೆ, ಹೆಚ್ಚಿದ ಸಣ್ಣ ಈರುಳ್ಳಿ, ಅಣಬೆ, ಸೋಸಿದ ನೀರು. ಖಾರ ಇಲ್ಲ, ಮಸಾಲೆ ಇಲ್ಲ. ಇಷ್ಟೇನಾ ಎಂದುಕೊಂಡೆ. ಕುದಿಯಿತು, ಕುದಿಯುತ್ತಲೇ ಇತ್ತು. ನೀರು ಇಂಗಿದ ಹಾಗೆ ಕೊತಕೊತ ಸದ್ದು ಕರಗಿ ಚಿಟಚಿಟ ಶುರುವಾಯಿತು. ಆಗ ಹೊರಬಂತು ಕುಳ್ಳಗಿನ, ಭುಜ ಅಗಲದ ಬಾಟಲಿ: ವ್ಯಾಂ ಜೋನ್, ಎಂದರೆ ಹಳದಿ ವೈನ್. ಸುರಿದರು. ಮೆಂತ್ಯ!

ಈ ವೈನಿನ ಕಥೆ ಕೇಳಿ. ಸವಾನ್ಯಾಂ ದ್ರಾಕ್ಷಿಯ ರಸ ಹುಳಿತು ವೈನಾದ ಮೇಲೆ ಓಕ್ ಪೀಪಾಯಿಗೆ ತುಂಬಿ ಸುಮ್ಮನೆ ಬಿಡುತ್ತಾರೆ. ಬೇರೆ ಕಡೆ ಆರಿಹೋದಷ್ಟನ್ನು ಮತ್ತೆ ತುಂಬಿಸುತ್ತಾರೆ. ಇಲ್ಲಿ ಬೇಕೆಂದೇ ತುಂಬಿಸುವುದಿಲ್ಲ. ಖಾಲಿ ಜಾಗದಲ್ಲಿ ಗಾಳಿ, ವೈನಿನ ಮೇಲೆ ಯೀಸ್ಟಿನ ತೆಳು ಕೆನೆ. ಅದನ್ನು ಇಲ್ಲಿಯವರು ಮುಸುಕು ಎನ್ನುತ್ತಾರೆ. ಆ ಮುಸುಕಿನಡಿ 6 ವರ್ಷಕ್ಕೂ ಮಿಕ್ಕಿ ತಪಸ್ಸು! ಒಂದು ಲೀಟರು ತುಂಬಿದ್ದರಲ್ಲಿ ಕೊನೆಗೆ ಉಳಿಯುವುದು ಸುಮಾರು 620 ಮಿಲಿಲೀಟರ್ ಎಂಬುದು ಇಲ್ಲಿನ ಲೆಕ್ಕ. ಬಾಟಲಿಯೂ ಅಷ್ಟೇ ಅಳತೆಯದು. ಲೂಯಿ ಪಾಶ್ಚರ್ ಬೆಳೆದ ಊರಿದು. 1860ರ ದಶಕದಲ್ಲಿ ಆತ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದೂ ಇದೇ ಸೀಮೆಯ ವೈನನ್ನು.

ಆ ದೀರ್ಘ ತಪಸ್ಸಿನಲ್ಲಿ ಸೊಟೊಲೋನ್ ಎಂಬ ಪರಿಮಳದ ರಾಸಾಯನಿಕ ಹುಟ್ಟುತ್ತದೆ. ಮೆಂತ್ಯದ ಕಾಳಿಗೆ ಅದರ ಘಮ ಕೊಡುವುದೂ, ನಂಬುತ್ತೀರೋ ಬಿಡುತ್ತೀರೋ, ಅದೇ ಸೊಟೊಲೋನ್! ನನ್ನ ಮೂಗು ಸುಳ್ಳು ಹೇಳಿರಲಿಲ್ಲ. ಇನ್ನೂ ಒಂದಿದೆ: ಯೀಸ್ಟ್ ಕೂಡ ಅಣಬೆಯ ಬಳಗವೇ, ಶಿಲೀಂಧ್ರವೇ. ಪೀಪಾಯಿಯ ಕತ್ತಲಲ್ಲಿ ವರ್ಷಗಟ್ಟಲೆ ದುಡಿದ ಶಿಲೀಂಧ್ರದ ರಸದಲ್ಲಿ ಕಾಡಿನ ಶಿಲೀಂಧ್ರ ಬೇಯುತ್ತಿದೆ. ದಾಯಾದಿಗಳು ಬಾಣಲೆಯಲ್ಲಿ ಒಂದಾಗಿದ್ದಾರೆ!

ವೈನು ಅರ್ಧಕ್ಕಿಳಿದ ಮೇಲೆ ಗಟ್ಟಿ ಕೆನೆ ಬಿತ್ತು. ಹದ ಬಂದದ್ದು ಗೊತ್ತಾಗುವುದು ಹೀಗೆ: ಚಮಚದ ಬೆನ್ನ ಮೇಲೆ ಬೆರಳೆಳೆದರೆ ಗೆರೆ ಮುಚ್ಚಬಾರದು. ಸುಟ್ಟ ಬ್ರೆಡ್ಡಿನ ಮೇಲೆ ಸುರಿದು ಕೊಟ್ಟರು. ಮೊರೀಯಿನ ಗೂಡುಗಳೆಲ್ಲ ಸಾಸು ಹೀರಿಕೊಂಡು ಕೂತಿದ್ದವು. ಕಚ್ಚಿದರೆ ಮೊದಲು ಬೆಣ್ಣೆ, ಆಮೇಲೆ ಒದ್ದೆ ಮಣ್ಣು, ಅಕ್ರೋಟು, ಕಟ್ಟಕಡೆಗೆ ನಾಲಗೆಯ ಬುಡದಲ್ಲಿ ನಮ್ಮ ಸಾಂಬಾರ ಡಬ್ಬಿ.

ತಟ್ಟೆ ಬಿಟ್ಟು ಮೇಲಕ್ಕೋಡಿ ಪೊಟ್ಟಣ ತಂದು ಆಕೆಯ ಅಂಗೈಗೆ ನಾಲ್ಕು ಕಾಳು ಹಾಕಿದೆ. ಉಜ್ಜಿ ಮೂಸಿದರು. ಹುಬ್ಬು ಗಂಟಿಕ್ಕಿತು. ಮತ್ತೆ ಮೂಸಿದರು. ಆಮೇಲೆ ಒಂದು ಮಾತೂ ಆಡದೆ ಬಾಟಲಿಯ ಬಿರಡೆ ತೆಗೆದು ಅದಕ್ಕೂ ಮೂಗು ಹಿಡಿದರು.