ಬಂಡೆಯ ಕುಳಿಯಲ್ಲಿ ಬತ್ತದ ತೀರ್ಥ

ದೇವನಹಳ್ಳಿ ತಾಲ್ಲೂಕಿನ ನಮ್ಮ ಬೂದಿಗೆರೆಯ ಸುತ್ತಮುತ್ತ ಈಗ ನೀರು ಎಂದರೆ ಬೋರ್‌ವೆಲ್. ಯಾರ ತೋಟದ ಮಾತು ಬಂದರೂ ಬೆಳೆಗಿಂತ ಮೊದಲು ಕೇಳುವುದು, ಎಷ್ಟು ಅಡಿಗೆ ಸಿಕ್ಕಿತು ಎಂದು. ಸಾವಿರ ಅಡಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಈ ನಾಲ್ಕೂ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿ ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿಸಿದೆ. ಹಗ್ಗ ಬಿಟ್ಟು ಕೊಡ ತುಂಬಿಸಿಕೊಳ್ಳುತ್ತಿದ್ದ ಸೇದುವ ಬಾವಿಗಳು ಒಂದೊಂದಾಗಿ ಮುಚ್ಚಿಹೋದವು. ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿ ಮಾಡುವ ಗಂಗೆಪೂಜೆಗೆ ಬಾವಿಕಟ್ಟೆ ಬೇಕು. ಬಾವಿ ಇಲ್ಲದ ಬೀದಿಯಲ್ಲಿ ಅರಿಶಿನ ಕುಂಕುಮ ಈಗ ನಲ್ಲಿಗೆ ಏರುತ್ತದೆ.

ಇಂಥ ಸೀಮೆಯವರು ಒಮ್ಮೆಯಾದರೂ ಹೋಗಿ ನೋಡಬೇಕಾದ ನೀರೊಂದು ಇದೆ. ಅದನ್ನು ಯಾರೂ ಕೊರೆಸಿದ್ದಲ್ಲ, ಕಟ್ಟಿಸಿದ್ದೂ ಅಲ್ಲ. ಕಾಡಿನ ನಡುವೆ ಬಂಡೆಯೊಂದರ ಸಣ್ಣ ಕುಳಿಯಲ್ಲಿ ಅದು ನಿಂತಿದೆ. ಅದರ ಹೆಸರು ನಾಮದ ಚಿಲುಮೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಾಡಿನಲ್ಲಿದೆ.

ಬೂದಿಗೆರೆಯಿಂದ ದಾರಿ ಸುಲಭ. ದೇವನಹಳ್ಳಿಗೆ ಬಂದು, ದೊಡ್ಡಬಳ್ಳಾಪುರದ ಮೂಲಕ ದಾಬಸ್‌ಪೇಟೆ ಸೇರುವ ಹೆದ್ದಾರಿ ಹಿಡಿಯಬೇಕು. ದಾಬಸ್‌ಪೇಟೆಯಲ್ಲಿ ತುಮಕೂರು ರಸ್ತೆ ದಾಟಿ ಊರ್ಡಿಗೆರೆಯ ಕಡೆ ತಿರುಗಿದರೆ ಬಯಲು ನಿಧಾನವಾಗಿ ಮುಗಿದು ಗುಡ್ಡಗಳು ಎದುರಾಗುತ್ತವೆ. ದೇವನಹಳ್ಳಿಯಿಂದ ದಾಬಸ್‌ಪೇಟೆವರೆಗೂ ಕಣ್ಣಿಗೆ ಬೀಳುವುದು ಬಡಾವಣೆಯ ಕಲ್ಲುಗಳು, ಗೋದಾಮುಗಳು, ಕಾರ್ಖಾನೆ ಶೆಡ್ಡುಗಳು. ಊರ್ಡಿಗೆರೆ ದಾಟಿದ ಮೇಲೆ ಮರಗಳು ರಸ್ತೆಗೆ ಬಾಗುತ್ತವೆ. ತುಮಕೂರಿನ ಕಡೆಯಿಂದ ಬರುವವರಿಗೆ ದುರ್ಗ ಸುಮಾರು 15 ಕಿಲೋಮೀಟರ್. ಚಿಲುಮೆ ಆ ದಾರಿಯಲ್ಲೇ ಸಿಗುತ್ತದೆ.

ಕಾಡು ಎಂದರೆ ಮಲೆನಾಡಿನ ದಟ್ಟ ಕಾಡನ್ನು ನೆನೆಯಬಾರದು. ಇದು ಬಯಲುಸೀಮೆಯ ಕಾಡು. ಬೇಸಿಗೆಗೆ ಎಲೆ ಉದುರಿಸಿ ಬರಿಗೊಂಬೆಯಾಗಿ ನಿಲ್ಲುತ್ತದೆ, ಎರಡು ಮಳೆ ಬಿದ್ದರೆ ಮೈತುಂಬ ಹಸಿರಾಗುತ್ತದೆ. ದಿಂಡಿಗ, ಕಗ್ಗಲಿ, ಜಾಲಾರಿ, ಬಂಡೆಗಳ ಸಂದಿಯಲ್ಲಿ ಮುಳ್ಳುಪೊದೆ. ಜಾಲಾರಿ ಹೂ ಬಿಟ್ಟ ದಿನಗಳಲ್ಲಿ ಗಾಳಿಯೇ ಘಮಘಮಿಸುತ್ತದೆ. ಚಿರತೆ, ಕರಡಿಗಳಿಗೂ ಇದೇ ಮನೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಬದುಕುವ ಹಳದಿ ಕೊರಳಿನ ಪಿಕಳಾರವನ್ನು ಹುಡುಕಿಕೊಂಡು ಪಕ್ಷಿಪ್ರಿಯರು ದೂರದೂರದಿಂದ ಇಲ್ಲಿಗೆ ಬರುತ್ತಾರೆ. ಅಳಿವಿನ ಅಂಚಿಗೆ ಸರಿಯುತ್ತಿರುವ ಹಕ್ಕಿ ಅದು. ದುರ್ಗದ ಬಂಡೆಗಳ ನಡುವೆ ಇನ್ನೂ ಉಳಿದುಕೊಂಡಿದೆ.

ಚಿಲುಮೆಯ ಮುಂದೆ ನಿಂತವರಿಗೆ ಮೊದಲು ಆಗುವುದು ಅಚ್ಚರಿ: ಇಷ್ಟೇನಾ? ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದವರಿಗೆ ಇಲ್ಲಿ ಕಾಣುವುದು ಚಪ್ಪಟೆ ಬಂಡೆ, ಅದರಲ್ಲೊಂದು ಕುಳಿ, ಕುಳಿಯಲ್ಲಿ ತಿಳಿನೀರು. ಸುತ್ತ ಕಾಡು. ಈ ಸಣ್ಣತನವೇ ಈ ಜಾಗದ ದೊಡ್ಡಸ್ತಿಕೆ. ಬಾವಿಗೆ ಆಳ ಬೇಕು, ಕೆರೆಗೆ ಏರಿ ಬೇಕು, ಕೋಡಿ ಬೇಕು, ತೂಬು ಬೇಕು. ಇದಕ್ಕೆ ಅದೊಂದೂ ಇಲ್ಲ. ಬೇಸಿಗೆಯಲ್ಲೂ ನೀರು ಇರುತ್ತದೆ ಎಂಬುದೊಂದೇ ಇದರ ಮಹಿಮೆ. ನೀರಿಲ್ಲದ ನಾಡಿನಲ್ಲಿ ಅದಕ್ಕಿಂತ ದೊಡ್ಡ ಮಹಿಮೆ ಇನ್ನೇನಿದೆ?

ಹೆಸರಿನ ಹಿಂದೆ ಇರುವುದು ರಾಮಾಯಣದ ಕತೆ. ವನವಾಸದಲ್ಲಿ ರಾಮ, ಸೀತೆ, ಲಕ್ಷ್ಮಣರು ಈ ಕಾಡಿಗೆ ಬಂದರಂತೆ. ಬೆಳಗಿನ ಹೊತ್ತು ರಾಮ ಹಣೆಗೆ ನಾಮ ಇಟ್ಟುಕೊಳ್ಳಬೇಕು, ಅದನ್ನು ತೇಯಲು ನೀರಿಲ್ಲ. ಬಿಲ್ಲೆತ್ತಿ ಬಂಡೆಗೆ ಬಾಣ ಬಿಟ್ಟ. ಬಾಣ ನಾಟಿದ ಕಡೆ ನೀರು ಚಿಮ್ಮಿತು. ಬಾಯಾರಿಕೆಗೂ ಅಲ್ಲ, ಸ್ನಾನಕ್ಕೂ ಅಲ್ಲ, ಹಣೆಯ ನಾಮಕ್ಕೆ ಸಾಲುವಷ್ಟು ನೀರು ಎನ್ನುವ ಕಲ್ಪನೆ ಬಹಳ ಸೊಗಸಾಗಿದೆ. ಕುಳಿಯ ಗಾತ್ರವನ್ನು ಕಣ್ಣಾರೆ ನೋಡಿದವರೇ ಕಟ್ಟಿದ ಕತೆ ಇದು ಎಂದು ನನಗೆ ಅನ್ನಿಸುತ್ತದೆ. ಮೇಲುಕೋಟೆಯ ಧನುಷ್ಕೋಟಿಯಲ್ಲೂ ಬಂಡೆಗೆ ಬಾಣ ಬಿಟ್ಟು ನೀರು ತೆಗೆದವನು ರಾಮನೇ. ಅಲ್ಲಿ ಬಾಯಾರಿದವಳು ಸೀತೆ. ನಮ್ಮ ಒಣಭೂಮಿಯ ಜನ ಬಂಡೆಯೊಳಗಿನ ನೀರನ್ನು ಕಂಡಾಗಲೆಲ್ಲ ರಾಮನನ್ನು ಕರೆದುಕೊಂಡು ಬಂದಿದ್ದಾರೆ. ಕೋಲಾರದ ಬೆಟ್ಟದಲ್ಲಿ ಅದೇ ಬಗೆಯ ನೀರು ಬಸವನ ಬಾಯಿಂದ ಬೀಳುತ್ತದೆ, ಅದಕ್ಕೆ ಅಂತರಗಂಗೆ ಎಂದು ಹೆಸರು.

ಚಿಲುಮೆಯಿಂದ ಮುಂದೆ ಏರಿದರೆ ದೇವರಾಯನದುರ್ಗ. ಬುಡದಲ್ಲಿ ಭೋಗನರಸಿಂಹ, ನೆತ್ತಿಯ ಕಡೆ ಯೋಗನರಸಿಂಹ. ಎತ್ತರ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಕ್ಷೇತ್ರಕ್ಕೆ ಕರಿಗಿರಿ ಎಂಬ ಹೆಸರೂ ಇದೆ. ಪಾಳೆಯಗಾರ ಜಡಕನ ಕಾಲದಲ್ಲಿ ಇದು ಜಡಕನದುರ್ಗವಾಗಿತ್ತು. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ದೇವರಾಯನದುರ್ಗವಾಯಿತು. ಮೇಲೆ ನರಸಿಂಹತೀರ್ಥ, ಪರಾಶರತೀರ್ಥ, ಪಾದತೀರ್ಥ ಎಂಬ ನೀರಿನ ನೆಲೆಗಳಿವೆ.

ಇಲ್ಲಿ ಸ್ವಲ್ಪ ಹೊತ್ತು ನಿಂತು ನೀರಿನ ದಾರಿಯನ್ನು ಯೋಚಿಸಬೇಕು. ಈ ಗುಡ್ಡಗಳಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು, ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶಕ್ಕೆ ಇದೇ ಹೊಳೆಯ ಹೆಸರಿಟ್ಟಿದ್ದಾರೆ. ಇದೇ ಗುಡ್ಡಸಾಲಿನ ಶಿಂಷಾ ದಕ್ಷಿಣಕ್ಕೆ ತಿರುಗಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿಸಿ, ಕೊನೆಗೆ ಕಾವೇರಿಗೆ ಸೇರುತ್ತದೆ. ಒಂದೇ ಗುಡ್ಡದ ಮೇಲೆ ಬಿದ್ದ ಎರಡು ಮಳೆಹನಿಗಳಲ್ಲಿ ಒಂದು ನೆಲ್ಲೂರಿನ ಕಡಲಿಗೆ, ಇನ್ನೊಂದು ಕಾವೇರಿಯ ಮುಖಜಭೂಮಿಗೆ ಹೊರಡುತ್ತದೆ. ಬೂದಿಗೆರೆಯವರಿಗೆ ಇದು ಹೊಸದಲ್ಲ. ನಮ್ಮ ಮಗ್ಗುಲ ನಂದಿಬೆಟ್ಟವೂ ಹೀಗೆಯೇ ಅರ್ಕಾವತಿಯನ್ನು ಕಾವೇರಿಯ ಕಡೆಗೆ ಕಳಿಸಿ, ದಕ್ಷಿಣ ಪಿನಾಕಿನಿಯನ್ನು ನಮ್ಮ ಸೀಮೆಯ ಮೇಲೆ ಹರಿಯಬಿಟ್ಟ ಬೆಟ್ಟ. ಆ ಪಿನಾಕಿನಿಯೇ ಹೊಸಕೋಟೆಯ ದೊಡ್ಡಕೆರೆ ತುಂಬಿಸಿ ತಮಿಳುನಾಡಿಗೆ ಇಳಿಯುತ್ತದೆ.

ಕಲ್ಲಿನಲ್ಲಿ ನೀರು ಹೇಗೆ ನಿಲ್ಲುತ್ತದೆ? ದೇವರಾಯನದುರ್ಗ, ಶಿವಗಂಗೆ, ಸಾವನದುರ್ಗ, ರಾಮನಗರದ ಬೆಟ್ಟಗಳು ಒಂದೇ ಕಲ್ಲಿನ ಪಟ್ಟಿಗೆ ಸೇರಿದವು. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲು ನೀರು ಕುಡಿಯುವುದಿಲ್ಲ, ಆದರೆ ಅದರಲ್ಲಿ ಬಿರುಕುಗಳಿವೆ. ಮಳೆ ಬಿದ್ದಾಗ ಗುಡ್ಡದ ಮೇಲಿನ ತೆಳು ಮಣ್ಣು, ತರಗೆಲೆ, ಹುಲ್ಲಿನ ಬೇರುಗಳು ನೀರನ್ನು ಓಡಲು ಬಿಡದೆ ತಡೆಯುತ್ತವೆ. ತಡೆದ ನೀರು ಬಿರುಕಿಗೆ ಇಳಿದು, ಕಲ್ಲಿನೊಳಗೆ ತಿಂಗಳುಗಟ್ಟಲೆ ನಡೆದು, ಎಲ್ಲಿ ಬಿರುಕು ಬಾಯಿ ತೆರೆಯುತ್ತದೋ ಅಲ್ಲಿ ಒಸರುತ್ತದೆ. ಕುಳಿಯಲ್ಲಿ ಏಪ್ರಿಲ್‌ನಲ್ಲಿ ಕಾಣುವ ನೀರು ಹಿಂದಿನ ಮಳೆಗಾಲದಲ್ಲಿ ಮೇಲಿನ ಕಾಡು ಹಿಡಿದಿಟ್ಟ ನೀರು. ತೀರ್ಥ ಕುಳಿಯಲ್ಲಿ ಕಾಣಿಸಿಕೊಳ್ಳುತ್ತದೆ, ಅಷ್ಟೆ. ಹುಟ್ಟುವುದು ಕಾಡಿನಲ್ಲಿ.

ನಮ್ಮ ಜಿಲ್ಲೆಯ ಒಳಗೇ ಇದಕ್ಕೊಂದು ಜೋಡಿ ಇದೆ. ಅದೇ ದಾಬಸ್‌ಪೇಟೆಯಿಂದ ಇನ್ನೊಂದು ದಿಕ್ಕಿಗೆ ತಿರುಗಿದರೆ ಸಿಗುವ ಶಿವಗಂಗೆ. ಅಲ್ಲಿನ ಒಳಕಲ್ಲು ತೀರ್ಥ ಗವಿಯೊಳಗಿದೆ. ಒರಳಿನಂಥ ರಂಧ್ರಕ್ಕೆ ತೋಳು ಇಳಿಸಬೇಕು, ಬೆರಳಿಗೆ ನೀರು ತಾಕಿದರೆ ಪುಣ್ಯ ಎಂದು ಜನ ಸಾಲುಗಟ್ಟುತ್ತಾರೆ. ಕೆಳಗೆ ಪಾತಾಳಗಂಗೆ ಇದೆ. ಸಂಕ್ರಾಂತಿಯ ಮುಂಜಾನೆ ಬೆಟ್ಟದ ಮೇಲಿನ ತೀರ್ಥಕಂಬದ ಬಳಿ ಒಸರುವ ನೀರಿನಿಂದ ಗಂಗಾಧರೇಶ್ವರನ ಗಿರಿಜಾಕಲ್ಯಾಣ ನಡೆಯುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಈ ಬೆಟ್ಟದಲ್ಲೇ. ಆದರೆ ಶಿವಗಂಗೆಯ ವಿಷಯದಲ್ಲಿ ನನ್ನನ್ನು ಕಾಡುವುದು ಕುಮುದ್ವತಿಯ ಗತಿ. ಈ ಬೆಟ್ಟದಲ್ಲಿ ಹುಟ್ಟಿ, ನೆಲಮಂಗಲದ ಕಡೆ ಹರಿದು, ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುವ ನದಿ ಅದು. 1933ರಿಂದ ಬೆಂಗಳೂರಿಗೆ ನೀರು ಕುಡಿಸಿದ್ದು ಅಲ್ಲಿನ ಜಲಾಶಯ. ಇವತ್ತು ಕುಮುದ್ವತಿಯ ಪಾತ್ರದಲ್ಲಿ ವರ್ಷದ ಬಹುಭಾಗ ನೀರಿಲ್ಲ. ಬೆಟ್ಟದ ಮೇಲೆ ತೋಳುದ್ದದ ತೀರ್ಥಕ್ಕೆ ಕೈಮುಗಿಯುತ್ತೇವೆ, ಅದೇ ಬೆಟ್ಟದ ನದಿಯನ್ನು ಕೆಳಗೆ ಬತ್ತಲು ಬಿಟ್ಟಿದ್ದೇವೆ. ಭಕ್ತಿ ಬೆಟ್ಟದಿಂದ ಕೆಳಕ್ಕೆ ಇಳಿಯಲೇ ಇಲ್ಲ.

ನಾಮದ ಚಿಲುಮೆ ಈ ವಿಷಯದಲ್ಲಿ ಪುಣ್ಯವಂತ ಜಾಗ. ಅರಣ್ಯ ಇಲಾಖೆಯ ಕಾಡಿನ ನಡುವೆ ಇರುವುದರಿಂದ ಅದರ ನೆತ್ತಿಯ ಮೇಲಿನ ಮರಗಳು ಇನ್ನೂ ನಿಂತಿವೆ. ಹತ್ತಿರದಲ್ಲೇ ಜಿಂಕೆವನವಿದೆ, ಔಷಧಿ ಗಿಡಗಳನ್ನು ಬೆಳೆಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಜಿಂಕೆ ತೋರಿಸಿ ಮರಳಿಬಿಡುತ್ತಾರೆ. ಆ ಮಕ್ಕಳನ್ನು ಚಿಲುಮೆಯ ಮುಂದೆ ಕೂರಿಸಿ, ಈ ನೀರು ಎಲ್ಲಿಂದ ಬಂತು ಎಂದು ಕೇಳಬೇಕು. ರಾಮನ ಬಾಣದ ಕತೆಯನ್ನೂ ಹೇಳಬೇಕು, ಬಿರುಕಿನ ಕತೆಯನ್ನೂ ಹೇಳಬೇಕು. ಎರಡೂ ಗೊತ್ತಿರುವ ಮಗು ಮುಂದೆ ಗುಡ್ಡದ ಮೇಲಿನ ಮರಕ್ಕೆ ಕೊಡಲಿ ಎತ್ತಲಾರದು.

ವಾರಾಂತ್ಯದಲ್ಲಿ ಬೆಂಗಳೂರಿನ ಜನ, ತುಮಕೂರಿನ ಜನ ಸೇರಿ ದಟ್ಟಣೆ ಹೆಚ್ಚು. ವಾರದ ನಡುವೆ, ಬೆಳಿಗ್ಗೆ ಬೇಗ ಹೋದರೆ ಹಕ್ಕಿಗಳ ಸದ್ದು ಕೇಳಿಸುತ್ತದೆ. ಕೋತಿಗಳು ಬಹಳ. ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಓಡಾಡಬೇಡಿ, ಅವುಗಳಿಗೆ ಹಾಕಲೂ ಬೇಡಿ. ನೀರು ಕುಡಿಯಲು ಬಾಟಲಿ ತಂದವರು ಅದನ್ನು ವಾಪಸು ಒಯ್ಯಲಿ. ಕುಳಿಗೆ ನಾಣ್ಯ, ಹೂವು, ಕುಂಕುಮ ಹಾಕದಿದ್ದರೆ ತೀರ್ಥದ ಮರ್ಯಾದೆ ಕಡಿಮೆಯಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಬೆಂಕಿಯ ಮಾತು. ಶಿವರಾತ್ರಿಯ ಹೊತ್ತಿಗೆ ಈ ಗುಡ್ಡಗಳ ಹುಲ್ಲು ಒಣಗಿ ನಿಲ್ಲುತ್ತದೆ. ಒಂದು ಬೀಡಿ ತುಂಡು, ಅಡುಗೆಗೆ ಹೂಡಿದ ಮೂರು ಕಲ್ಲಿನ ಒಲೆ ಸಾಕು, ಇಡೀ ಇಳಿಜಾರು ಕಪ್ಪಾಗುತ್ತದೆ. ಹುಲ್ಲು ಸುಟ್ಟ ಮೇಲೆ ಬರುವ ಮೊದಲ ಮಳೆ ಮಣ್ಣನ್ನೇ ಕೊಚ್ಚಿಕೊಂಡು ಹೋಗುತ್ತದೆ, ಬಿರುಕಿಗೆ ಇಳಿಯಬೇಕಾದ ನೀರು ಹಳ್ಳಕ್ಕೆ ಓಡುತ್ತದೆ. ಕಾಡಿನೊಳಗೆ ಬೆಂಕಿ ಹೊತ್ತಿಸಬೇಡಿ. ಎಲ್ಲಾದರೂ ಹೊಗೆ ಕಂಡರೆ ಮುಂದೆ ಹೋಗದೆ ಅಲ್ಲೇ ನಿಂತು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.