ಕುರಿಮರಿಯ ಮೇವೂ ಹೊಟ್ಟೆಯ ಹುಳುವೂ

ಮುಂಗಾರಿನ ಮಳೆ ಬಿದ್ದು ಹತ್ತು ಹದಿನೈದು ದಿನಗಳಾದವೆಂದರೆ ಬೀದರದ ಸುತ್ತಣ ಗಾಯರಾಣಗಳೆಲ್ಲ ಹಸುರಾಗುತ್ತವೆ. ಬೇಸಗೆಯುದ್ದಕ್ಕೂ ಒಣಕಡ್ಡಿ ತಿಂದು ಬಡಕಲಾದ ದಖ್ಖನಿ ಕುರಿಗಳು ಎಳೆಹುಲ್ಲಿನ ಮೇಲೆರಗುತ್ತವೆ. ಕುರಿಗಾರನಿಗೆ ಇದು ಸಂತೋಷದ ಕಾಲ. ಆದರೆ ಮರಿಗಳ ಪಾಲಿಗೆ ಅಪಾಯದ ಕಾಲವೂ ಇದೇ. ಕೆಲವು ವಾರಗಳಲ್ಲಿ ಒಂದೆರಡು ಮರಿಗಳ ಒಳರೆಪ್ಪೆ ಬಿಳಿಚಿಕೊಂಡು, ದವಡೆಯ ಕೆಳಗೆ ನೀರು ತುಂಬಿದ ಬಾವು ಕಾಣಿಸಿ, ಅವು ಮಂದೆಯಿಂದ ಹಿಂದೆ ಬೀಳತೊಡಗುತ್ತವೆ.

ಇದಕ್ಕೆ ಮುಖ್ಯ ಕಾರಣ ಹೀಮಾಂಕಸ್ ಕಂಟಾರ್ಟಸ್ ಎಂಬ, ಸುಮಾರು ಒಂದಂಗುಲ ಉದ್ದದ ದಾರದಂಥ ಹುಳು. ಕರುಳಿನ ಹುಳುವೆಂದು ಜನರು ಕರೆದರೂ ಅದರ ವಾಸ ನಾಲ್ಕನೆಯ ಜಠರದಲ್ಲಿ. ಒಂದೊಂದು ಹುಳುವಿನಿಂದಲೂ ದಿನಕ್ಕೆ ಸುಮಾರು ೦.೦೫ ಮಿಲಿಲೀಟರು ರಕ್ತ ನಷ್ಟವಾಗುತ್ತದೆ. ಅಲ್ಪವೆಂದು ತೋರಬಹುದು, ಸಾವಿರ ಹುಳುಗಳಿದ್ದರೆ ೫೦ ಮಿಲಿಲೀಟರಾಯಿತು! ಹತ್ತು ಕಿಲೋ ತೂಗುವ ಮರಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಒಂದು ಲೀಟರಾಗದು. ಹೆಣ್ಣುಹುಳು ದಿನವೊಂದಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆಗಳನ್ನಿಡುತ್ತದೆ. ಅವು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಬಿಸುಪೂ ತೇವವೂ ಕೂಡಿಬಂದರೆ ಸುಮಾರು ಒಂದು ವಾರದಲ್ಲಿ ರೋಗ ತರಬಲ್ಲ ಮರಿಹುಳುಗಳಾಗಿ, ಎಸಳಿನ ಮೇಲಣ ನೀರಿನ ತೆಳುಪದರದಲ್ಲಿ ತೆವಳಿ ಮೇಲೇರುತ್ತವೆ. ಬಹುಪಾಲು ನೆಲದಿಂದ ಕೆಲವೇ ಅಂಗುಲಗಳೊಳಗೆ ಉಳಿದುಬಿಡುತ್ತವೆ.

ಮೇವಿನ ಮೊದಲ ಪಾತ್ರ ಇಲ್ಲಿಯೇ. ನೆಲಕ್ಕಂಟಿದ ಹುಲ್ಲನ್ನು ಹೆರೆದು ತಿನ್ನುವ ಮರಿ ಹುಳುವನ್ನೂ ನುಂಗುತ್ತದೆ. ಪೊದೆಯ ಚಿಗುರನ್ನೂ ಮರದ ಸೊಪ್ಪನ್ನೂ ತಿನ್ನುವ ಮರಿ ಬಹುಮಟ್ಟಿಗೆ ಪಾರಾಗುತ್ತದೆ. ನೆಲದ ಗುಣವನ್ನೂ ಮರೆಯುವಂತಿಲ್ಲ. ನೌಬಾದದ ಕೆಂಪು ಜಂಬಿಟ್ಟಿಗೆ ನೆಲ ಮಳೆಯ ನೀರನ್ನು ಒಳಕ್ಕೆ ಇಳಿಸುತ್ತದೆ. ಬಹಮನಿ ಅರಸರ ಕಾಲದ ಅಲ್ಲಿನ ಕರೇಜ್ ಎಂಬ ಸುರಂಗಗಾಲುವೆಗೆ ಆಧಾರ ಹೀಗೆ ಜಿನುಗಿದ ನೀರೇ. ತಗ್ಗಿನ ಎರೆಭೂಮಿಯಾದರೋ ತೇವವನ್ನು ಬಹುದಿನ ಹಿಡಿದಿಡುತ್ತದೆ. ಹುಳುವಿಗೆ ಬೇಕಾದುದೂ ಅದೇ.

ಎರಡನೆಯ ಪಾತ್ರ ಸೂಕ್ಷ್ಮವಾದುದು. ಮರಿ ಹುಟ್ಟುವಾಗ ಹುಳುವನ್ನೆದುರಿಸುವ ಶಕ್ತಿ ಅದಕ್ಕಿರುವುದಿಲ್ಲ. ತಿಂಗಳುಗಳ ಮೇಲೆ ಅದನ್ನು ಸಂಪಾದಿಸಬೇಕು. ಜಠರದ ಲೋಳೆ, ರಕ್ತದ ಪ್ರತಿಕಾಯಗಳು ಎಲ್ಲವೂ ಪ್ರೋಟೀನಿನಿಂದಾಗುವಂಥವು. ರಕ್ತ ಸೋರುತ್ತಿರುವ ಮರಿಗೆ ಅದೇ ಕೊರತೆ. ಈ ಸಂದರ್ಭದಲ್ಲಿ ನೆರವಾಗಬಲ್ಲುದು ಟ್ಯಾನಿನ್, ಎಂದರೆ ಎಳೆಯ ಪೇರಲಕಾಯಿಯನ್ನು ಕಚ್ಚಿದಾಗ ನಾಲಿಗೆಗೆ ಹತ್ತುವ ಒಗರು. ತೊಗಲು ಹದಮಾಡಲು ಜಾಲಿಯ ತೊಗಟೆಯನ್ನು ಬಳಸುವುದು ಈ ಒಗರಿಗಾಗಿಯೇ. ಮೊದಲ ಹೊಟ್ಟೆಯಲ್ಲಿ ಟ್ಯಾನಿನ್ ಮೇವಿನ ಪ್ರೋಟೀನನ್ನು ಬಿಗಿಯಾಗಿ ಹಿಡಿದು ಸೂಕ್ಷ್ಮಜೀವಿಗಳ ಬಾಯಿಂದ ತಪ್ಪಿಸುತ್ತದೆ. ನಾಲ್ಕನೆಯ ಜಠರದ ಆಮ್ಲದಲ್ಲಿ ಆ ಹಿಡಿತ ಸಡಿಲಿ, ಪ್ರೋಟೀನು ಮರಿಗೆ ದಕ್ಕುತ್ತದೆ. ಇದಲ್ಲದೆ ಟ್ಯಾನಿನ್ ಹುಳುವಿನ ಮೇಲೆ ನೇರವಾಗಿಯೂ ವರ್ತಿಸುವುದುಂಟು.

ನ್ಯೂಜಿಲೆಂಡಿನಲ್ಲಿ ನಡೆದು ೧೯೯೫ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹುಳುಬಿದ್ದ ಮರಿಗಳ ಒಂದು ಗುಂಪನ್ನು ಕುದುರೆಮಸಾಲೆ ಸೊಪ್ಪಿನ ಮೇಲೂ, ಇನ್ನೊಂದನ್ನು ಟ್ಯಾನಿನ್ನುಳ್ಳ ಸುಲ್ಲಾ ಎಂಬ ದ್ವಿದಳ ಮೇವಿನ ಮೇಲೂ ಬಿಡಲಾಯಿತು. ಸುಲ್ಲಾ ಮೇದವು ಮೇಲಾಗಿ ಬೆಳೆದವು. ನಾವು ಕಾಫಿಗೆ ಬೆರೆಸುವ ಬೇರಿನ ಚಿಕೋರಿ ಗಿಡವನ್ನೂ ಅಲ್ಲಿ ಇದೇ ಉದ್ದೇಶಕ್ಕೆ ಪರೀಕ್ಷಿಸಿದ್ದಾರೆ. ನಮ್ಮ ದೇಶದಲ್ಲಿ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆಯವರು ಬಸರಿಯ ಜಾತಿಯ ಎಲೆ, ಪೇರಲದ ಎಲೆಗಳ ಟ್ಯಾನಿನ್ನನ್ನು ಕುರಿಮೇಕೆಗಳಿಗೆ ತಿನ್ನಿಸಿ ನೋಡಿದ್ದಾರೆ.

ಹಾಗೆಂದು ಒಗರೆಲ್ಲ ಔಷಧವಲ್ಲ. ೨೦೦೩ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಫ್ರಿಕದ ಒಂದು ಜಾಲಿಯ ಎಲೆ ತಿಂದ ಆಡುಗಳಲ್ಲಿ ಹುಳು ತಗ್ಗಿತು. ನಮ್ಮ ಕರಿಜಾಲಿಯಿಂದ ಅಂಥ ಫಲ ದೊರೆಯಲಿಲ್ಲ. ಕುರಿಗಾರರು ದೋಟಿಯಿಂದ ಉದುರಿಸುವ ಜಾಲಿಕಾಯಿ ಒಳ್ಳೆಯ ಮೇವೇ. ಆದರೆ ಹುಳುವಿಗೆ ಮದ್ದೆಂದು ಅದನ್ನು ನಂಬಿ ಕುಳಿತುಕೊಳ್ಳಲಾಗದು. ಟ್ಯಾನಿನ್ ಮಿತಿಮೀರಿದರಂತೂ ಮರಿ ಮೇವನ್ನೇ ಬಿಡುತ್ತದೆ.

ಇಷ್ಟೆಲ್ಲ ಹುಡುಕಾಟವೇಕೆ, ಔಷಧವಿಲ್ಲವೆ ಎಂದು ವಾಚಕರು ಕೇಳಬಹುದು. ಉಂಟು. ಥಯಾಬೆಂಡಜೋಲ್ ೧೯೬೧ರಲ್ಲಿ ಬಂದಾಗ ಹುಳುವಿನ ಕಾಟ ತೀರಿತೆಂದೇ ಹಲವರು ಭಾವಿಸಿದರು. ೧೯೬೪ರಲ್ಲಿಯೇ ಅದಕ್ಕೆ ಬಗ್ಗದ ಹುಳುಗಳು ಅಮೆರಿಕದಲ್ಲಿ ಕಂಡುಬಂದವು. ಬಳಿಕ ಬಂದ ಔಷಧಗಳಿಗೂ ಹಾಗೆಯೇ ಆಗಿದೆ. ಮಂದೆಗೆಲ್ಲ ಪದೇ ಪದೇ ಔಷಧ ಕುಡಿಸಿದಷ್ಟೂ ಅದಕ್ಕೆ ಸಾಯದ ಹುಳುಗಳೇ ಉಳಿದು ಸಂತಾನ ಬೆಳೆಸುತ್ತವೆ. ಆದುದರಿಂದ ಬಿಳಿಚಿಕೊಂಡ ಮರಿಗಳನ್ನು ಆರಿಸಿ ಅವಕ್ಕೆ ಮಾತ್ರ ಔಷಧ ಹಾಕುವುದು, ಕುಡಿಸುವ ಮೊದಲು ಹಿಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇರಿಸಿ ಮೊಟ್ಟೆಗಳನ್ನೆಣಿಸುವುದು ಈಗಿನ ಪದ್ಧತಿ. ಅದಕ್ಕೆ ಬೇಕಾದುದು ಒಂದೆರಡು ಚಮಚೆಯಷ್ಟು ಹೊಸ ಹಿಕ್ಕೆ, ಅದೂ ಬೇರೆ ಬೇರೆ ಮರಿಗಳದು. ಬೀದರದ ನಂದಿನಗರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇರುವಾಗ ಈ ಭಾಗದ ಕುರಿಗಾರನಿಗೆ ಹಾದಿ ದೂರವಿಲ್ಲ.